ಎರವಲು ಹೋದ ಗೋಲ್‌ಕೀಪರ್

ನಮ್ಮ ಅಣ್ಣ ತನ್ನ ಮನೆಯ ಏಣಿಯನ್ನು ಪಕ್ಕದ ಮನೆಗೂ ಎರವಲು ಕೊಟ್ಟವನಲ್ಲ. ನನ್ನ ಮಗನನ್ನು ಮಾತ್ರ ಬೆಳುವಾಯಿಯ ಫುಟ್ಬಾಲ್ ತಂಡದವರು ಕೇಳಿದ ಕೂಡಲೇ ಕೊಟ್ಟುಬಿಟ್ಟ! ಆ ಭಾನುವಾರ ಬೆಳಿಗ್ಗೆ ಅವನು ನಮ್ಮಲ್ಲಿಗೆ ಬಂದು ನೀರುದೋಸೆ ತಿನ್ನುತ್ತಿದ್ದಾಗಲೂ ನಾನು ಇದನ್ನೇ ಎತ್ತಿ ಜಗಳ ಮಾಡುತ್ತಿದ್ದೆ. ಜಗಳವಿಲ್ಲದೆ ಬಡಿಸಿದ ದೋಸೆ ಅವನಿಗೆ ಜೀರ್ಣವಾಗುತ್ತಲೂ ಇರಲಿಲ್ಲ.

"ಮುಂದಿನ ತಿಂಗಳು ಮೂಡುಬಿದಿರೆಯ ಕಾಲೇಜಿನಲ್ಲಿ ಫುಟ್ಬಾಲ್ ಸೆಲೆಕ್ಷನ್ ಉಂಟು. ಸೋಲುವ ಟೀಮಿನ ಗೋಲ್‌ಕೀಪರನಿಗೆ ಯಾರು ಸೀಟು ಕೊಡ್ತಾರೆ? ಹುಡುಗನನ್ನು ವಾಪಸು ಕರೆ."

"ಕರೆಯುವ ಮಾರಾಯ್ತಿ. ಮೊದಲು ತಯಾರಾಗಲಿ. ತಯಾರಾದಾಗ ನಾನೇ ಹೇಳ್ತೇನೆ. ಚಟ್ನಿ ಹಾಕು."

ನೋಡಿ ಉತ್ತರ! ನರಿಕೊಂಬಿನಲ್ಲಿ ಅವನೇ ಕಟ್ಟಿದ ತಂಡ ಬಂಟ್ವಾಳದ ಸುತ್ತ ಎಲ್ಲಿ ಆಡಿದರೂ ಗೆಲ್ಲುತ್ತದೆ. ವಿದೇಶದ ದೊಡ್ಡ ಕ್ಲಬ್ಬುಗಳು ಎಳೆಯ ಆಟಗಾರರನ್ನು ಕೆಳಗಿನ ಲೀಗಿಗೆ ಲೋನ್ ಕೊಟ್ಟು ಪಳಗಿಸುತ್ತವೆ ಎಂದು ಟಿವಿಯಲ್ಲಿ ನೋಡಿದ್ದೇ ತಡ, ಇವನೂ ಶುರುಮಾಡಿದ. ಮೊದಲು ಒಬ್ಬನನ್ನು ಬೆಳ್ತಂಗಡಿ ಕಡೆಗೆ ಕೊಟ್ಟ. ಆ ಹುಡುಗ ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಅಲ್ಲೇ ಉಳಿದ. "ಅದು ಪರ್ಮನೆಂಟ್ ಟ್ರಾನ್ಸ್‌ಫರ್" ಎಂದ ಅಣ್ಣ. ನಾಚಿಕೆ ಬೇಡವೇ?

ಆಮೇಲೆ ನನ್ನ ಮಗನ ಸರದಿ. ನಮ್ಮದು ಅಳಿಯಕಟ್ಟಿನ ಮನೆ. ಸೋದರಮಾವ ಹೇಳಿದ ಮೇಲೆ ಹೆತ್ತವಳನ್ನು ಕೇಳುವವರು ಯಾರು? ಹೆಣ್ಣು ಕೊಡುವ ಮನೆ ನೋಡಲು ಹೊರಟವನ ಹಾಗೆ ಇಸ್ತ್ರಿಯ ಅಂಗಿ ಹಾಕಿ ಬೆಳುವಾಯಿಗೆ ಹೋದ. ಕೊಯ್ಲು ಮುಗಿದ ಗದ್ದೆಯೇ ಅವರ ಮೈದಾನ.

"ನೀವು ಸೋಲ್ತೀರಾ?" ಎಂದು ಕೇಳಿದನಂತೆ.

"ಯಾವಾಗಲೂ ಸೋಲ್ತೇವೆ" ಎಂದರಂತೆ ಆ ಪ್ರಾಮಾಣಿಕರು.

"ಹಾಗಾದರೆ ಕೊಡ್ತೇನೆ!"

ಕಾರಣ ಕೇಳಿದರೆ, "ನಮ್ಮ ಗೋಲಿನ ಹತ್ತಿರ ಚೆಂಡೇ ಬರುವುದಿಲ್ಲ. ಅವನು ಕಂಬಕ್ಕೆ ಒರಗಿ ಎಂತ ಕಲಿತಾನೆ, ಆಕಳಿಸಲಿಕ್ಕಾ?" ಎಂದ. ಮಗ ಮೊದಲ ಪಂದ್ಯದಲ್ಲೇ ಒಂಬತ್ತು ಗೋಲು ತಿಂದು, ಮೊಣಕೈ ಸುಲಿದುಕೊಂಡು ಬಂದ. ನಾನು ಅರಸಿನ ಹಚ್ಚುತ್ತಾ ಅಣ್ಣನಿಗೆ ಫೋನಿನಲ್ಲಿ ಬೈದೆ. "ಎಷ್ಟು ತಿಂದ ಅಂತ ಯಾಕೆ ಕೇಳ್ತಿ? ಎಷ್ಟು ಹಿಡಿದ ಅಂತ ಕೇಳು!" ಎಂದು ಅವನು ಫೋನಿಟ್ಟ.

ಕೊನೆಗೆ ಬೆಳ್ತಂಗಡಿಯ ಟೂರ್ನಮೆಂಟಿನಲ್ಲಿ ಬೆಳುವಾಯಿಗೂ ನರಿಕೊಂಬಿಗೂ ಪಂದ್ಯ ಬಿತ್ತು. ನಮ್ಮ ಹುಡುಗ ನಮ್ಮ ವಿರುದ್ಧ ಆಡುವುದು ಬೇಡ ಎಂದು ಎಲ್ಲರೂ ಹೇಳಿದರು. ಅಣ್ಣ ಕೇಳಬೇಕಲ್ಲ! "ಕೊಟ್ಟ ಮೇಲೆ ಕೊಟ್ಟದ್ದೇ" ಎಂದು ಆಡಿಸಿದ. ಮಗ ನರಿಕೊಂಬಿನ ಪೆನಾಲ್ಟಿಯನ್ನು ಹಾರಿ ತಡೆದ. ನರಿಕೊಂಬು ಸೋತಿತು. ಅದರ ಕೋಚ್ ಗಡಿಗೆರೆಯ ಹೊರಗೆ ಕುಣಿಯುತ್ತಿದ್ದ!

"ನೀವು ಯಾರ ಕೋಚ್ ಮಾರಾಯ್ರೇ?" ಎಂದು ಆ ಪೆನಾಲ್ಟಿ ಹೊಡೆದಿದ್ದ ನರಿಕೊಂಬಿನ ಕ್ಯಾಪ್ಟನ್ ಸಿಟ್ಟಿನಿಂದ ಕೇಳಿದ.

"ಅವನಿಗೆ ಹಾರಲಿಕ್ಕೆ ಕಲಿಸಿದ್ದು ನಾನು. ನಿನಗೆ ಹೊಡೆಯಲಿಕ್ಕೆ ಕಲಿಸಿದ್ದು ಬೇರೆ ಯಾರೋ ಇರಬೇಕು."

ಇಷ್ಟಾದರೂ ಹುಡುಗ ತಯಾರಾಗಿಲ್ಲವಂತೆ! ಎಡಗಡೆಗೆ ಹಾರುವುದು ತಡವಂತೆ. ಆ ಭಾನುವಾರ ನಾನು ಹಂಚಿನ ಮೇಲಿದ್ದ ದೋಸೆಯನ್ನೂ ಮರೆತು ಕೂಗಾಡಿದೆ. ಅವನು ನಗುತ್ತಾ ಸುಟ್ಟ ದೋಸೆಯನ್ನೂ ತಿಂದು ಸ್ಕೂಟರ್ ಹತ್ತಿದ.

ಮರುದಿನ ಬೆಳಿಗ್ಗೆ ಅಂಗಳದಲ್ಲಿ ಕುಸಿದವನು ಆಸ್ಪತ್ರೆ ತಲುಪುವ ಮೊದಲೇ ಹೋದ. ಅರ್ಧ ಆಟದಲ್ಲಿ ಎದ್ದು ಹೋಗುವವರನ್ನು ಕಂಡರೆ ಅವನಿಗೇ ಆಗುತ್ತಿರಲಿಲ್ಲ. ಈಗ ಯಾರು ಯಾರನ್ನು ಬೈಯಬೇಕು?

ಉತ್ತರಕ್ರಿಯೆಯ ಊಟ, ಬೊಜ್ಜದ ದಿನ ಎರಡೂ ತಂಡದವರು ಒಟ್ಟಿಗೆ ಎಲೆ ಹಾಕಿ ಬಡಿಸಿದರು. ಊಟವಾದ ಮೇಲೆ ಬೆಳುವಾಯಿಯ ಕ್ಯಾಪ್ಟನ್ ನನ್ನ ಬಳಿ ಬಂದು ನಿಂತ.

"ಅಕ್ಕ, ಇವನನ್ನು ಕರ್ಕೊಂಡು ಹೋಗ್ತೀರಾ? ನಿಮ್ಮ ಅಣ್ಣ ಎಂತಾದರೂ ಹೇಳಿದ್ರಾ?"

ನರಿಕೊಂಬಿನವರು ನಾಳೆಯೇ ಬರಲಿ ಎಂದರು. ಇಷ್ಟು ದಿನ ನಾನು ಕೇಳಿದ್ದೂ ಅದನ್ನೇ. ಹೂಂ ಎನ್ನಲು ಬಾಯಿ ಬರಲಿಲ್ಲ. ಮಗನ ಮುಖ ನೋಡಿದೆ. ಅವನು ಬೆಳುವಾಯಿಯ ಹುಡುಗರ ಜೊತೆ ಎಲೆ ಎತ್ತಲು ಹೋದ.

ಅವನು ಈಗಲೂ ಬೆಳುವಾಯಿಗೇ ಹೋಗಿ ಆಡುತ್ತಾನೆ. ನಾನು ಬದುವಿನ ಮೇಲೆ ಕುಳಿತು ನೋಡುತ್ತೇನೆ. ಚೆಂದ ಆಡುತ್ತಾನೆ ಎಂದು ನೋಡಿದವರೆಲ್ಲ ಹೇಳುತ್ತಾರೆ. ತಯಾರಾದ ಎಂದು ಹೇಳಬೇಕಾದವನು ಇಲ್ಲ.