ಶಾವಿಗೆ ಮಣೆಯ ಎರಡು ತುದಿ

ಉಣ್ಣುವವರ ಕಣ್ಣಿಗೆ ಶಾವಿಗೆ ರೇಷ್ಮೆಯ ಎಳೆ. ಹೊಸೆಯುವವಳಿಗೆ ಅದು ತನ್ನ ಬೆನ್ನಿನಿಂದಲೇ ಎಳೆದು ತೆಗೆದ ನರ. ಗೋಧಿ ನೆನೆಹಾಕಿ, ಆರಿಸಿ, ಬೀಸಿ, ಸೋಸಿ, ನಾದಿ, ಕುಟ್ಟಿ, ಹೊಸೆದು, ಒಣಗಿಸಿ, ಬೇಯಿಸಿ ಬಡಿಸಿದರೆ ನಮ್ಮವರು ಒಂದು ತುತ್ತು ಬಾಯಿಗಿಟ್ಟು, "ಸಕ್ಕರಿ ಕಡಿಮಿ ಆತು" ಎನ್ನುತ್ತಾರೆ. (ಸಕ್ಕರೆ ಡಬ್ಬಿ ಅವರ ಮೊಣಕೈಗೆ ತಾಗಿಯೇ ಇರುತ್ತದೆ.)

ಅರವತ್ತೊಂದನೇ ಇಸವಿಯಲ್ಲಿ ಯುಗಾದಿಯೂ ರಮಜಾನ್ ಹಬ್ಬವೂ ಒಂದರ ಬೆನ್ನಿಗೊಂದು ಬಂದವು. ನಮ್ಮ ಅತ್ತೆ ಶೇಖವ್ವನವರು ಹತ್ತು ಸೇರು ಶಾವಿಗೆಗೆ ಫರ್ಮಾನು ಹೊರಡಿಸಿದರು. ಮಣೆ ಇದ್ದದ್ದು ಪಕ್ಕದ ಮನೆಯ ಗೌಹರಳ ಹತ್ತಿರ. ಅವಳಿಗೂ ಹಬ್ಬಕ್ಕೆ ಶಾವಿಗೆ ಬೇಕು. ಒಬ್ಬರು ಮಣೆಯ ಮೇಲೆ ಕಣಕ ಹೊಸೆಯಬೇಕು, ಇನ್ನೊಬ್ಬರು ಇಳಿಯುವ ಎಳೆಯನ್ನು ಜಗ್ಗಿ ಕೋಲಿಗೆ ಹಾಕಬೇಕು. ಹಸಿ ಶಾವಿಗೆಗೆ ಮೈಲಿಗೆಯಿಲ್ಲ, ಬೇಯಿಸಿದ ಮೇಲಷ್ಟೇ ಎಂದು ಅತ್ತೆ ಹೊಸ ಶಾಸ್ತ್ರವನ್ನೇ ರಚಿಸಿದರು. (ಬಿಟ್ಟಿ ಕೈ ಸಿಗುವಾಗ ಶಾಸ್ತ್ರ ಬೇಗ ಹೊಳೆಯುತ್ತದೆ.)

ನಾನು ಹತ್ತಿಮತ್ತೂರಿನವಳು, ನೇರ ಮಾತಿನವಳು. ಮೂರು ವರ್ಷದಿಂದ ತವರು ಕಂಡಿರಲಿಲ್ಲ. ಸವಣೂರಿನಿಂದ ಬಸ್ಸಿನಲ್ಲಿ ತಾಸು ಹೊತ್ತಿನ ಹಾದಿ. ಒಲೆಯ ಮುಂದಿನಿಂದ ಹೊರಟರೆ ಮೂರು ವರ್ಷವೂ ಸಾಲದು. ಮಣೆಯ ಮಾತಿಗೆ ಬಂದು ಕಟ್ಟೆಯ ಮೇಲೆ ಕೂತಿದ್ದ ಗೌಹರಳ ಮುಂದೆಯೇ ಕೇಳಿಬಿಟ್ಟೆ.

"ಅತ್ತಿ, ಹತ್ತು ಸೇರು ಮುಗಿಸಿದ್ರ ಹಬ್ಬ ಆದಮ್ಯಾಲ ಎಂಟು ದಿನ ಅವ್ವನ ಕಡೆ ಹೋಗಲೇನ್ರಿ?"

"ಹೋಗೀಯಂತ ತಗೋ. ಯಾರು ಬ್ಯಾಡ ಅಂತಾರ?"

ನನಗೆ ರೆಕ್ಕೆ ಮೂಡಿದವು. "ನೋಡಿದೇನ ಗೌಹರ, ನಮ್ಮ ಮನಿಯಾಗ ಎಲ್ಲಾರದೂ ನೇರ ಮಾತು" ಎಂದೆ. ಅವಳು ಸೆರಗು ಸರಿಮಾಡಿಕೊಂಡು, "ಹೌದೇನ್ರಿ ಅಕ್ಕಾರ" ಎಂದಳು.

ಗೌಹರಳ ತಾತಂದಿರು ನವಾಬರ ಕಾಲದಲ್ಲಿ ಅತ್ತರು ಮಾರಿದವರು. ಆ ಮನೆಯಲ್ಲಿ ಬೆಕ್ಕನ್ನೂ "ಹೋಗ್ರಿ" ಎಂದೇ ಓಡಿಸುತ್ತಾರೆ.

ಮೊದಲ ದಿನ ನನ್ನ ಕಣಕ ನೋಡಿ ಅವಳು ಕೇಳಿದಳು: "ಅಕ್ಕಾರ, ನಿಮ್ಮ ಊರಾಗ ಕಣಕಕ್ಕ ಇಷ್ಟು ನೀರು ಹಾಕ್ತಾರೇನ್ರಿ?"

"ಹಾಕ್ತಾರ!" ಎಂದೆ, ಊರಿನ ಕೀರ್ತಿಗೆ ಉಬ್ಬಿ.

"ಇವತ್ತ ಬಿಸಲು ಸ್ವಲ್ಪ ಸೌಮ್ಯ ಅದಲ್ರಿ?"

"ಚೊಲೋನ ಆತು. ನೆತ್ತಿ ಸುಡೂದಿಲ್ಲ."

"ನಾಳೆ ಹೊಸೆದ್ರ ಹ್ಯಾಂಗಾಗ್ತದೇನೋ..."

"ನಾಳೆ ಬ್ಯಾರೆ ಕೆಲಸ ಐತಿ. ಜಗ್ಗ, ಲಗೂನ ಜಗ್ಗ! ಸತ್ತೀಯೇನ ಅಲ್ಲೆ?"

ರೋಜಾ ಹಿಡಿದ ಹೆಂಗಸು, ಬೆಳಗಿನಿಂದ ಹನಿ ನೀರು ಕುಡಿದಿರಲಿಲ್ಲ. ಸುಮ್ಮನೆ ಜಗ್ಗಿದಳು. ಮಧ್ಯಾಹ್ನದ ಹೊತ್ತಿಗೆ ಎಳೆಗಳೆಲ್ಲ ಕೋಲಿನಿಂದ ಜಾರಿ ಚಾಪೆಯ ಮೇಲೆ ಮುದ್ದೆಯಾಗಿ ಮಲಗಿದವು. ಎರಡು ಸೇರು ಗೋಧಿ ಎಮ್ಮೆಯ ಪಾಲಾಯಿತು.

"ನೀರು ಹೆಚ್ಚಾಗೇತಿ ಅಂತ ಬಾಯಿಬಿಟ್ಟು ಹೇಳಾಕ ಏನಾಗಿತ್ತ ನಿನಗ?"

"ಮೂರು ಸಲ ಹೇಳಿದ್ನಲ್ರಿ ಅಕ್ಕಾರ."

ಮರುದಿನ ಅವಳು ಬರಲಿಲ್ಲ. ನಾನೇ ಹೋದೆ. ಅವಳು ನನಗೆ ಕುರ್ಚಿ ಹಾಕಿದಳು, ಚಹಾ ಕೊಟ್ಟಳು, ಅತ್ತೆಯವರ ಆರೋಗ್ಯ ಕೇಳಿದಳು, ಎಮ್ಮೆಯ ಆರೋಗ್ಯವನ್ನೂ ಕೇಳಿದಳು. ದಿನಾ ನೆಲದ ಮೇಲೆ ಜೊತೆಗೆ ಕೂರುವವಳಿಗೆ ಇಷ್ಟು ಮರ್ಯಾದೆ ಮಾಡಬೇಕಾದರೆ ಸಿಟ್ಟು ಎಷ್ಟಿರಬೇಕು!

"ಸತ್ತೀಯೇನ ಅಂದದ್ದು ಮನಸಿಗೆ ಹತ್ತಿತೇನ? ಅದು ನಮ್ಮ ಕಡೆ ಪ್ರೀತಿ ಮಾತು."

"ಗೊತ್ತದರಿ. ಆದ್ರ ಹೊಟ್ಟಿ ಖಾಲಿ ಇದ್ದಾಗ ಅಷ್ಟು ಪ್ರೀತಿ ತಡಿಯೂದಿಲ್ರಿ."

ಅಲ್ಲಿಯೇ ಒಪ್ಪಂದವಾಯಿತು. ಅವಳು ಪ್ರಶ್ನೆ ಕೇಳಿದರೆ ನಾನು ಕೈ ನಿಲ್ಲಿಸಬೇಕು. ನಾನು ಒದರಿದರೆ ಮರ್ಯಾದೆ ಸೇರಿಸಿ ಒದರಬೇಕು. ಆಮೇಲೆ ಓಣಿಯವರೆಲ್ಲ ಕೇಳುವಂತೆ ನಾನು "ಜಗ್ಗರೀ! ಸತ್ತೀರೇನ್ರೀ!" ಎನ್ನುವುದು, ಅವಳು ಬಾಯಿಗೆ ಸೆರಗು ಹಿಡಿದು ನಗುವುದು. ಒಂದು ವಾರದಲ್ಲಿ ಎರಡೂ ಮನೆಯ ಶಾವಿಗೆ ಮುಗಿಯಿತು. ಕೂದಲಿನಷ್ಟು ಸಣ್ಣ, ಒಂದು ಎಳೆಯೂ ತುಂಡಾಗಿರಲಿಲ್ಲ. ನನ್ನ ಹೆಗಲು ಮಾತ್ರ ಎತ್ತಲು ಬರುತ್ತಿರಲಿಲ್ಲ.

ಹಬ್ಬಗಳಾದವು. ನಾನು ಟ್ರಂಕಿಗೆ ಸೀರೆ ಹಾಕುತ್ತಿರುವಾಗ ನಮ್ಮವರು ಬಂದರು.

"ಶಾವಿಗಿ ಭಾರಿ ನಾಜೂಕ ಆಗೇತಿ. ಹಂಸಭಾವಿ ಅಕ್ಕಗ ಐದು ಸೇರು ಕೊಟ್ಟು ಬರ್ತೇನಿ. ಚೀಲದಾಗ ಪುಡಿಪುಡಿ ಆಗ್ತಾವ, ಆ ಟ್ರಂಕು ಖಾಲಿ ಮಾಡು."

ಅತ್ತೆ ಒಳಗಿನಿಂದ ದನಿಗೂಡಿಸಿದರು: "ಕಡಿಮಿ ಬಿದ್ದ ಐದು ಸೇರು ಮತ್ತ ಹೊಸೆದಿಡು, ಬಿಸಲು ಚೊಲೋ ಐತಿ."

"ನಾ ಹತ್ತಿಮತ್ತೂರಿಗೆ ಹೋಗಬೇಕಲ್ರಿ ಅತ್ತಿ?"

"ಹೋಗೀಯಂತ ತಗೋ. ಯಾರು ಬ್ಯಾಡ ಅಂತಾರ?"

ಮಣೆ ಕೇಳಲು ಹೋದಾಗ ಗೌಹರಳ ಮುಂದೆ ಅತ್ತುಬಿಟ್ಟೆ. ಅವಳು ಬಹಳ ಹೊತ್ತು ನನ್ನ ಹೆಗಲಿಗೆ ಎಣ್ಣೆ ತಿಕ್ಕಿದಳು.

"ಅಕ್ಕಾರ, ನಿಮ್ಮ ಅತ್ತಿಯವರು ಮೊದಲನೇ ದಿನಾನ ಇಲ್ಲ ಅಂದಿದ್ರಲ್ರಿ."

"ಮತ್ತ ನೀ ಅವತ್ತ ಯಾಕ ಹೇಳಲಿಲ್ಲ?"

"ನಿಮ್ಮ ಮನಿಯಾಗ ಎಲ್ಲಾರದೂ ನೇರ ಮಾತು ಅಂದ್ರಲ್ರಿ. ನನಗ ತಪ್ಪು ತಿಳಿದಿರಬೇಕು ಅಂತ ಸುಮ್ಮನಾದೆ."

ಒಂಬತ್ತು ವರ್ಷ ಸಂಸಾರ ಮಾಡಿದರೂ ನನಗೆ ಬಾರದ ನಮ್ಮ ಮನೆಯ ಭಾಷೆ, ಕಟ್ಟೆಯ ಮೇಲೆ ಕೂತು ಒಮ್ಮೆ ಕೇಳಿದವಳಿಗೆ ಬಂದಿತ್ತು.

ಮರುದಿನ ನಾನು ಗೋಧಿ ನೆನೆಹಾಕುವ ಹೊತ್ತಿಗೆ ನಮ್ಮವರು ನನ್ನ ಟ್ರಂಕನ್ನು ಬಸ್ಸಿನ ನೆತ್ತಿಗೇರಿಸಿ ಹೊರಟರು. ಹಂಸಭಾವಿಯಲ್ಲಿ ಉಪಚಾರ ಜೋರಾಗಿತ್ತಂತೆ. ಅವರೂ ಟ್ರಂಕೂ ಎಂಟು ದಿನ ಇದ್ದು ಬಂದರು.