ಚಾಳೀಸು ಬಿಟ್ಟು ಹೋದ ನವಿಲು

ಹೆಣ್ಣು ನೋಡಲು ಹೋಗುವ ಗಂಡಸು, ನೋಡುವವನು ತಾನೊಬ್ಬನೇ ಎಂದು ತಿಳಿದಿರುತ್ತಾನೆ. ನಾನೂ ಹಾಗೆಯೇ ತಿಳಿದಿದ್ದೆ. ಬಳ್ಳಾರಿಯ ಒಂದು ವಾರಪತ್ರಿಕೆಗೆ ಬಹಳ ವರ್ಷಗಳಿಂದ ಸುದ್ದಿ ಬರೆಯುತ್ತಿರುವವನು ನಾನು. ಕಂಡದ್ದನ್ನು ಕಂಡಂತೆ ಬರೆಯುವುದು ಅಭ್ಯಾಸ. ದೊರೆಗಳ ಕುದುರೆ ಮುಗ್ಗರಿಸಿದರೆ ಯಾವ ಕಾಲು ಎಂದು ವಿಚಾರಿಸಿದ ಮೇಲೆಯೇ ಅಚ್ಚಿಗೆ ಕೊಡುತ್ತೇನೆ. ಇಂಥವನು ಒಂದು ಸಾಲು ಸುಳ್ಳು ಬರೆದು, ಅದನ್ನು ಮುಚ್ಚಲು ಒಬ್ಬ ಹೆಂಗಸಿನ ಎದುರಿಗೆ ಇನ್ನೊಂದು ಸುಳ್ಳು ಹೇಳಿದ್ದನ್ನು ಇಷ್ಟು ದಿನ ನಾಚಿಕೆಯಿಂದ ಓದುಗರಿಗೆ ಹೇಳಿರಲಿಲ್ಲ.

ಬ್ರಿಟಿಷ್ ದಂಡಿನ ಕಡೆಯಿಂದ ಹಳೆಯ ಇಂಗ್ಲಿಷ್ ಮಾಸಪತ್ರಿಕೆಯೊಂದು ನಮ್ಮ ಅಚ್ಚುಕೂಟಕ್ಕೆ ಬಂದಿತ್ತು. ಅದರಲ್ಲಿ ಪ್ರಾಣಿಗಳು ಜೋಡಿಯನ್ನು ಆರಿಸುವ ಬಗೆಯ ಮೇಲೊಂದು ಲೇಖನ. ಗಂಡುನವಿಲಿಗೆ ಆ ಹೊರೆ ಗರಿ ಯಾಕೆ? ಹಾರುವುದಕ್ಕೆ ಅಡ್ಡಿ, ನರಿಗೆ ಅನುಕೂಲ. ಆದರೂ ಹೆಣ್ಣುನವಿಲುಗಳು ತಲೆಮಾರುಗಳಿಂದ ಚೆಂದದ ಗರಿಯವನನ್ನೇ ಆರಿಸುತ್ತ ಬಂದದ್ದರಿಂದ ಗರಿ ಬೆಳೆಯುತ್ತ ಹೋಯಿತಂತೆ. ಕುಣಿಯುವುದು ಗಂಡಿನ ಪಾಲು, ಆರಿಸುವುದು ಹೆಣ್ಣಿನ ಪಾಲು. ಇದನ್ನೆಲ್ಲ ನಿಷ್ಠೆಯಿಂದ ಕನ್ನಡಕ್ಕೆ ತಿರುಗಿಸಿದೆ. ಅಂಕಣದ ಕೆಳಗೆ ಎರಡು ಸಾಲಿನ ಜಾಗ ಉಳಿಯಿತು. ಅಚ್ಚಿನ ಮೊಳೆ ಜೋಡಿಸುವವನು ಅದಕ್ಕಾಗಿ ಕೈಕಟ್ಟಿ ನಿಂತಿದ್ದ. 'ಮನುಷ್ಯರಲ್ಲಿ ಮಾತ್ರ ಆರಿಸುವ ವಿವೇಕವು ಗಂಡಸಿನದೆಂದು ಶಾಸ್ತ್ರಜ್ಞರ ಅಭಿಪ್ರಾಯ' ಎಂದು ಬರೆದುಕೊಟ್ಟೆ. ಅದು ಯಾವ ಶಾಸ್ತ್ರಜ್ಞನ ಅಭಿಪ್ರಾಯವೂ ಅಲ್ಲ.

ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಒಬ್ಬನೇ ಬೇಯಿಸಿಕೊಂಡು ತಿನ್ನುವುದು ಸಾಕಾಗಿತ್ತು. ಸಿರುಗುಪ್ಪದ ನನ್ನ ಅಕ್ಕ ಕುರುಗೋಡಿನಲ್ಲಿ ಒಂದು ಸಂಬಂಧ ಹುಡುಕಿದಳು. ಶಾಲಾ ಮಾಸ್ತರರ ಮಗಳು ನೀಲಮ್ಮ. ಇಪ್ಪತ್ತೆಂಟು ವರ್ಷ, ಗಂಡ ಸತ್ತಿದ್ದ. ಇಂಥ ಮರುಮದುವೆಗೆ ನಮ್ಮಲ್ಲಿ ಉಡಿಕೆ ಎನ್ನುತ್ತಾರೆ. ಮೊದಲ ಮದುವೆಯಲ್ಲಿ ಹೆಣ್ಣನ್ನು ಯಾರೂ ಕೇಳುವುದಿಲ್ಲ. ಉಡಿಕೆ ಮಾತ್ರ ಅವಳೇ ಬಾಯಿಬಿಟ್ಟು 'ಹೂಂ' ಎನ್ನದೆ ನಡೆಯುವುದಿಲ್ಲ. ಈ ಸಣ್ಣ ಸಂಗತಿ ನನಗೆ ಮರೆತೇಹೋಗಿತ್ತು. ಆಗ ನನಗೆ ನಲವತ್ತೊಂದು. ಅಕ್ಕ ಹೆಣ್ಣಿನ ಮನೆಯವರಿಗೆ ಮೂವತ್ತೈದು ಎಂದು ಹೇಳಿದ್ದಳು. ಮೂವತ್ತೈದರ ಮೂಗಿನ ಮೇಲೆ ಚಾಳೀಸು ಒಪ್ಪುವುದಿಲ್ಲವೆಂದು ನಲವತ್ತಕ್ಕೆ ಬಂದ ಆ ಓದುವ ಕನ್ನಡಕವನ್ನು ಅಚ್ಚುಕೂಟದಲ್ಲೇ ಬಿಟ್ಟು, ಗೆಳೆಯನಿಂದ ಜರಿಯಂಚಿನ ರುಮಾಲು ಎರವಲು ತಂದು ತಲೆಗೆ ಸುತ್ತಿಕೊಂಡು ಅಕ್ಕನ ಜೊತೆ ಕುರುಗೋಡಿಗೆ ಹೋದೆ.

ನೀಲಮ್ಮ ಬಂದು ಎದುರಿಗೆ ಕುಳಿತಳು. ಅಕ್ಕ ಹಳೆಯ ಪದ್ಧತಿ ಬಿಡುವವಳಲ್ಲ. ಸೆರಗಿನಿಂದ ಸೂಜಿ, ದಾರ ತೆಗೆದಳು.

"ಒಂದೀಟು ಪೋಣಸವ್ವ, ಕಣ್ಣು ಹೆಂಗದಾವ ನೋಡೋಣು."

ನೀಲಮ್ಮ ಒಂದೇ ಸಲಕ್ಕೆ ಪೋಣಿಸಿದಳು. ಆಮೇಲೆ ದಾರವನ್ನು ಹಿಂದಕ್ಕೆಳೆದು, ಸೂಜಿಯನ್ನೂ ದಾರವನ್ನೂ ನನ್ನ ಮುಂದಿಟ್ಟಳು. "ಈಗ ಅವರು ಪೋಣಸ್ಲಿ."

"ಗಂಡಸರಿಗೆ ಯಾಕವ್ವ ಸೂಜಿ?" ಎಂದಳು ಅಕ್ಕ.

"ಇದು ಉಡಿಕಿ ಅಲ್ಲೇನ್ರಿ ಅಕ್ಕಾರ? ನಾನೂ ನೋಡಬೇಕಲ್ಲ."

ಹತ್ತಿರ ಹಿಡಿದರೆ ಸೂಜಿಗೆ ರಂಧ್ರವೇ ಇರಲಿಲ್ಲ. ದೂರ ಹಿಡಿದರೆ ಸೂಜಿಗಳೇ ಎರಡಾದವು. ದಾರದ ತುದಿಯನ್ನು ಬಾಯಲ್ಲಿಟ್ಟು ಎಷ್ಟು ಚೂಪು ಮಾಡಿದರೂ ಅದು ಗಾಳಿಯನ್ನೇ ಪೋಣಿಸುತ್ತಿತ್ತು.

"ಅಷ್ಟು ದೂರ ಯಾಕ ಹಿಡದೀರಿ, ಕಡಿತೈತೇನು?" ಎಂದಳು ನೀಲಮ್ಮ. ಮಾಸ್ತರರು ಕೆಮ್ಮುವ ನೆಪದಲ್ಲಿ ಆಚೆ ತಿರುಗಿದರು. "ವಯಸ್ಸು ಎಷ್ಟಂದ್ರಿ ಅಕ್ಕಾರ?"

"ಮೂವತ್ತೈದವ್ವ."

"ಸೂಜಿ ನಲವತ್ತು ದಾಟೇತಿ ಅಂತೈತಿ."

ಇಷ್ಟಕ್ಕೇ ಮುಗಿದಿದ್ದರೆ ಬದುಕುತ್ತಿದ್ದೆ. ಅವಳು ಒಳಗೆ ಹೋಗಿ ನಮ್ಮ ಪತ್ರಿಕೆ ತಂದಳು. ನವಿಲಿನ ಲೇಖನವನ್ನು ಮೇಲೆ ಬರುವಂತೆ ಮಡಚಿಟ್ಟಿದ್ದಳು. "ಎಲ್ಲಾ ಚಲೋ ಬರದೀರಿ. ಈ ಕಡೀ ಸಾಲು ಆ ಶಾಸ್ತ್ರದವರು ಬರದದ್ದೋ, ನೀವು ಬರದದ್ದೋ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ. "ಅವರೇ ಬರೆದದ್ದು" ಎಂದೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ವಾರದಾಗ ಹೇಳಿ ಕಳಸ್ತೀನಿ" ಎಂದು ಎದ್ದುಹೋದಳು.

ಬಂಡಿ ಊರು ದಾಟಿದ ಮೇಲೆ ಅಕ್ಕ ನನ್ನ ಕಡೆ ತಿರುಗಿದಳು. "ಲೇ, ವಾರಕ್ಕೊಮ್ಮೆ ಊರ ಮಂದಿ ತಪ್ಪು ಅಷ್ಟು ಬರೀತಿ, ನಿನ್ನದೊಂದು ಬಾಯಾಗ ಬರ್ಲಿಲ್ಲೇನು?" ಎಂದಳು. ವಯಸ್ಸಿನ ಸುಳ್ಳು ಅವಳದೇ ಎಂದು ನೆನಪಿಸುವ ಧೈರ್ಯ ನನಗಿರಲಿಲ್ಲ.

ಮರುದಿನವೇ ಕಾಗದ ಬರೆದೆ: ವಯಸ್ಸು ನಲವತ್ತೊಂದು, ಚಾಳೀಸು ಇದೆ, ರುಮಾಲು ನನ್ನದಲ್ಲ, ಕೊನೆಯ ಸಾಲು ನನ್ನದು. ವಾರ ಕಳೆಯುವುದರೊಳಗೆ ಕುರುಗೋಡಿನಿಂದ 'ಹೂಂ' ಬಂತು.

ಸತ್ಯಕ್ಕೆ ಸಿಕ್ಕ ಫಲವೆಂದು ಬಹಳ ದಿನ ಬೀಗಿದೆ. ಉಡಿಕೆಯಾದ ಮೇಲೆ ಒಮ್ಮೆ ಅವಳು ರೊಟ್ಟಿ ತಟ್ಟುತ್ತಿದ್ದಾಗ, 'ಹೂಂ' ಎಂದದ್ದು ಯಾಕೆಂದು ನೀಲಮ್ಮನನ್ನೇ ಕೇಳಿದೆ. "ಕಾಗದ ನೋಡಿ ಅಲ್ರಿ" ಎಂದಳು. "ಅವತ್ತ ಸುಳ್ಳು ಹೇಳಿದ್ರಲ್ಲ, ಕಿವಿ ಎರಡೂ ಹಣ್ಣು ಮೆಣಸಿನಕಾಯಿ ಆಗಿದ್ವು. ಮೊದಲಿನ ಯಜಮಾನ್ರು ಎಷ್ಟು ಸುಳ್ಳು ಹೇಳಿದ್ರೂ ಮಾರಿ ಬಣ್ಣ ಇದ್ದಂಗ ಇರ್ತಿತ್ತು. ಸುಳ್ಳು ಹೇಳದ ಗಂಡಸು ಎಲ್ಲಿ ಸಿಗ್ತಾನ? ಗೊತ್ತಾಗೋ ಹಂಗ ಹೇಳೋರನ್ನ ಆರಿಸ್ಕೊಂಡೆ."

ಎರವಲು ರುಮಾಲು ತಲೆಯನ್ನೆಲ್ಲ ಮುಚ್ಚಿತ್ತು, ಕಿವಿಗಳನ್ನು ಬಿಟ್ಟು. ನನ್ನ ಗರಿ ಅವೇ ಎಂದು ಅವತ್ತು ತಿಳಿಯಿತು.

ಪತ್ರಿಕೆಯಲ್ಲಿ ತಿದ್ದುಪಡಿ ಹಾಕುತ್ತೇನೆಂದು ಅವಳಿಗೆ ಮಾತು ಕೊಟ್ಟು ಆರು ವರ್ಷವಾಯಿತು. ಇದೇ ಆ ತಿದ್ದುಪಡಿ. ಕರಡಚ್ಚನ್ನು ಈಗ ಅವಳೇ ಓದುತ್ತಿದ್ದಾಳೆ. ಬೆರಳು 'ನಲವತ್ತೊಂದು' ಎಂಬಲ್ಲಿ ನಿಂತಿದೆ; ಕಣ್ಣು ನನ್ನ ಕಿವಿಯ ಮೇಲಿದೆ.