ಫ್ಲಾಪಿಗೆ ಹಚ್ಚಿದ ಕುಂಕುಮ

ಕಾರ್ಖಾನೆಯ ಟೂಲ್ ಸ್ಟೋರ್ಸ್‌ನಲ್ಲಿ ಇಪ್ಪತ್ತಾರು ವರ್ಷ ಒಂದು ಸ್ಪ್ಯಾನರನ್ನೂ ಕಳೆಯದವನು ನಾನು. ನನ್ನ ಕೈಗೆ ಬಂದದ್ದು ಭದ್ರ ಎಂಬ ನಂಬಿಕೆ ಎಲ್ಲರಿಗೂ ಇತ್ತು. ನನಗಂತೂ ಸ್ವಲ್ಪ ಜಾಸ್ತಿಯೇ ಇತ್ತು.

ಅತ್ತೆ, ಅಂದರೆ ನನ್ನ ಹೆಂಡತಿ ವಿಮಲಳ ತಾಯಿ, ಕೊನೆಯ ದಿನಗಳಲ್ಲಿ ಹೊಸ ತಿಪ್ಪಸಂದ್ರದ ನಮ್ಮ ಮನೆಯಲ್ಲೇ ಇದ್ದರು. ವಿಮಲ ಅವರಿಗೆ ಒಬ್ಬಳೇ ಮಗಳು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಬೀಗರನ್ನು ಗೇಲಿ ಮಾಡುವ ಹಾಡು, ಎಲ್ಲವೂ ಅತ್ತೆಗೆ ಬಾಯಿಪಾಠ. ವಿಮಲ ಅವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳತೊಡಗಿದಳು. ನಾಲ್ಕು ಹಾಡು ಮುಗಿಯುವಷ್ಟರಲ್ಲಿ ನಾನು ಅಡ್ಡ ಬಂದೆ.

"ನೋಟ್‌ಬುಕ್ ಯಾಕೆ? ಗೆದ್ದಲು ತಿನ್ನುತ್ತೆ. ಕಂಪ್ಯೂಟರ್‌ನಲ್ಲಿ ಹೊಡೀತೀನಿ ಬಿಡು, ಶಾಶ್ವತವಾಗಿರುತ್ತೆ!"

ಅತ್ತೆ ಹಾಡಿದರು, ನಾನು ಎರಡು ಬೆರಳಲ್ಲಿ ಕುಟ್ಟಿದೆ. ಎಲ್ಲವನ್ನೂ ಒಂದು ಫ್ಲಾಪಿಗೆ ಹಾಕಿ, ಕಂಪ್ಯೂಟರಿನಲ್ಲಿ ಇದ್ದುದನ್ನು ಅಳಿಸಿದೆ. ಒಂದು ವಸ್ತುವಿಗೆ ಒಂದೇ ಜಾಗ. ಇದು ಸ್ಟೋರ್ಸ್‌ನ ಶಿಸ್ತು!

ಆಯುಧಪೂಜೆ ಬಂತು. ಕಂಪ್ಯೂಟರಿಗೆ ಹೂವು ಮುಡಿಸಿದೆ. ಫ್ಲಾಪಿಯನ್ನು ಬಿಡುವುದುಂಟೇ? ಕಾರ್ಖಾನೆಯಲ್ಲಿ ಲೇತ್ ಯಂತ್ರಕ್ಕೆ ಕುಂಕುಮ ಹಚ್ಚುವಾಗ ಕೆಲಸ ಮಾಡುವ ಭಾಗಕ್ಕೆ ಮೊದಲು ಹಚ್ಚುತ್ತೇವೆ. ಅದೇ ನ್ಯಾಯದಂತೆ ಫ್ಲಾಪಿಯ ತಗಡಿನ ಬಾಗಿಲು ಸರಿಸಿ, ಒಳಗಿನ ಕಪ್ಪು ತಟ್ಟೆಗೆ ಅರಿಶಿನ, ಕುಂಕುಮ, ಒಂದು ಹನಿ ಗಂಧ ಇಟ್ಟು ದೇವರ ಮನೆಯಲ್ಲಿ ಇರಿಸಿದೆ. ಅತ್ತೆ ಕುರ್ಚಿಯಲ್ಲಿ ಕೂತೇ ಮಂಗಳಾರತಿ ಹಾಡಿದರು. ಸಂಕ್ರಾಂತಿಗೆ ಮೊದಲೇ ಅವರು ತೀರಿಕೊಂಡರು.

ವರ್ಷದ ತಿಥಿ ಹತ್ತಿರವಾಯಿತು.

"ಹಾಡುಗಳನ್ನ ಪುಸ್ತಕ ಮಾಡಿ ಬಂದೋರಿಗೆಲ್ಲ ಕೊಡೋಣ ರೀ. ಅಮ್ಮಂದು ಅಂತ ಉಳಿದಿರೋದು ಅದೊಂದೇ," ಎಂದಳು ವಿಮಲ.

"ಹತ್ತು ನಿಮಿಷದ ಕೆಲಸ!" ಎಂದೆ.

ಫೈಲು ತೆರೆಯಲಿಲ್ಲ. ಒಳಗೆ ಕರಕರ ಸದ್ದು. ಫ್ಲಾಪಿಯನ್ನು ಹೊರತೆಗೆದು ಒದ್ದೆ ಬಟ್ಟೆಯಿಂದ ಒರೆಸಿದೆ. ಬಟ್ಟೆ ಕೆಂಪಾಯಿತು, ಪ್ರಸಾದವೆಂದು ಕಣ್ಣಿಗೊತ್ತಿಕೊಂಡೆ. ಪೂಜೆ ಮಾಡಿದ ಫ್ಲಾಪಿ ಕೆಡಲು ಸಾಧ್ಯವೇ ಇಲ್ಲ, ತಪ್ಪು ನಮ್ಮ ಕಂಪ್ಯೂಟರಿನದೇ ಎಂದು ತೀರ್ಮಾನಿಸಿ, ಪಕ್ಕದ ಮನೆಯ ರಾಜಪ್ಪನವರ ಕಂಪ್ಯೂಟರಿಗೆ ತುರುಕಿದೆ. ಅಲ್ಲೂ ತೆರೆಯಲಿಲ್ಲ. ಅಲ್ಲಿಂದಾಚೆಗೆ ಅವರ ಫ್ಲಾಪಿಗಳೂ ತೆರೆಯಲಿಲ್ಲ!

"ಏನ್ರೀ ಹಾಕಿದ್ರಿ ಇದರೊಳಗೆ?" ಎಂದು ಅವರು ಕೂಗುತ್ತಿರುವಾಗಲೇ ನಾನು ಮಾರ್ಕೆಟ್ ರಸ್ತೆಯ ಅನ್ವರ್ ಅವರ ಟೈಪಿಂಗ್ ಅಂಗಡಿ ಸೇರಿದ್ದೆ.

ಅನ್ವರ್ ಬುದ್ಧಿವಂತ. ತುರುಕುವ ಮೊದಲು ಬಾಗಿಲು ಸರಿಸಿ ನೋಡಿದರು.

"ಒಳಗೆ ಕೆಂಪಗೆ ಏನ್ ಸಾರ್ ಇದು?"

"ಕುಂಕುಮ. ಆಯುಧಪೂಜೆಗೆ ಇಟ್ಟಿದ್ದು."

"ನಮ್ ಅಂಗಡೀಲೂ ಇಡ್ತಾರೆ ಸಾರ್. ಮಾನಿಟರ್ ಮೇಲೆ ಇಡ್ತಾರೆ." ಅವರು ಫ್ಲಾಪಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಇದು ಹೋಯ್ತು. ಬೇರೆ ಕಾಪಿ?"

"ಇಲ್ಲ."

"ಪರವಾಗಿಲ್ಲ ಸಾರ್. ಹಾಡಿದೋರನ್ನ ಕರ್ಕೊಂಡ್ ಬನ್ನಿ, ಇನ್ನೊಂದ್ಸಲ ಟೈಪ್ ಮಾಡೋಣ."

ನಾನು ಫ್ಲಾಪಿಯನ್ನು ಜೇಬಿಗಿಟ್ಟುಕೊಂಡು ಮನೆಗೆ ನಡೆದೆ.

ವಿಮಲ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. "ಬೀಗರ ಹಾಡೂ ಹೋಯ್ತಾ?" ಎಂದಷ್ಟೇ ಕೇಳಿದಳು. ಹೂಂ ಎಂದೆ. ಅವಳು ಒಳಗೆ ಹೋಗಿ ಟ್ರಂಕಿನ ತಳದಿಂದ ಹಳೆಯ ನೋಟ್‌ಬುಕ್ ತಂದು ನನ್ನ ಮುಂದಿಟ್ಟಳು. ತಿಥಿಯ ದಿನ ಹಂಚಿದ್ದು ಅದರಲ್ಲಿದ್ದ ನಾಲ್ಕೇ ಹಾಡು.

ಆ ನೋಟ್‌ಬುಕ್ಕನ್ನು ಹಾಳೆ ಹಾಳೆ ತಿರುಗಿಸಿ, ಬೆಳಕಿಗೆ ಹಿಡಿದು ನೋಡಿದೆ. ಎಲ್ಲೂ ಒಂದು ತೂತಿಲ್ಲ. ಐದನೆಯ ಹಾಡು ಮೊದಲ ಸಾಲಿಗೇ ನಿಂತಿತ್ತು. ನಾನು ಅಡ್ಡ ಬಂದದ್ದು ಅಲ್ಲಿಯೇ.

ನಮ್ಮ ಮನೆಗೆ ಇಷ್ಟು ವರ್ಷದಲ್ಲಿ ಬಂದ ಗೆದ್ದಲು ನಾನೊಬ್ಬನೇ.